ಸಾಂಬಾರ್ ಕಂಬದ ಸುತ್ತ ಒಂದು ಹೊಳೆ

ನೃತ್ಯ ಸಂಯೋಜನೆ ಕಲಿಯಬೇಕು ಎಂದು ಈಗಲೂ ಹುಡುಗಿಯರು ನಮ್ಮ ಮನೆಗೆ ಬರುತ್ತಾರೆ. ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ, ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಪಕ್ಕಕ್ಕಿಡುತ್ತಾರೆ, ಆಮೇಲೆ ಮೆತ್ತಗೆ, "ಮೇಡಂ, ನಿಮಗೆ ಸ್ಫೂರ್ತಿ ಎಲ್ಲಿಂದ ಬರ್ತಿತ್ತು?" ಎಂದು ಕೇಳುತ್ತಾರೆ.

ಸ್ಫೂರ್ತಿಯ ವಿಷಯ ನನಗೆ ಹೆಚ್ಚು ತಿಳಿಯದು. ಕಾರ್ಖಾನೆಯ ಕ್ಯಾಂಟೀನ್ ಹಾಲಿನ ಬೀಗದ ಕೈ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಹೇಳಬಲ್ಲೆ. ಗೇಟಿನವರು ಅದು ವೆಲ್‌ಫೇರ್ ಆಫೀಸಿನಲ್ಲಿದೆ ಎನ್ನುತ್ತಿದ್ದರು. ವೆಲ್‌ಫೇರ್ ಆಫೀಸಿನವರು ಗೇಟಿನಲ್ಲೇ ಇದೆ ಎನ್ನುತ್ತಿದ್ದರು. ಎರಡೂ ಕಡೆ ಅಲೆದು ಸುಸ್ತಾಗಿ ಅಡುಗೆಮನೆಗೆ ನುಗ್ಗಿದರೆ ಅದು ಹುಣಸೆಹಣ್ಣಿನ ಡಬ್ಬದ ಪಕ್ಕದ ಮೊಳೆಗೆ ನೇತಾಡುತ್ತಿರುತ್ತಿತ್ತು. ಹದಿನೈದು ವರ್ಷಕ್ಕೂ ಮೀರಿ ಕಾರ್ಖಾನೆಯ ಬ್ಯಾಲೆ ತಂಡ ನಡೆಸಿದೆ. ಆ ಮೊಳೆ ಬದಲಾಗಲಿಲ್ಲ. ಪ್ರತಿ ಸಲವೂ ಗೇಟಿನಿಂದಲೇ ಹುಡುಕಾಟ ಶುರು ಮಾಡಬೇಕಿತ್ತು, ಏಕೆಂದರೆ ನೇರವಾಗಿ ಅಡುಗೆಮನೆಗೆ ಹೋದರೆ, "ಯಾರನ್ನ ಕೇಳಿ ತಗಂಡ್ರಿ?" ಎಂಬ ಪ್ರಶ್ನೆ ಬರುತ್ತಿತ್ತು.

ಮಂಡಿನೋವಿನಿಂದಾಗಿ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತೆಂದು ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ. ಸನ್ಮಾನ, ಹಾರ, ಶಾಲುಗಳ ಸಂಗತಿ ಇದರಲ್ಲಿಲ್ಲ. ಅವು ಎಲ್ಲರ ಮನೆಯ ಬೀರುವಿನಲ್ಲೂ ಒಂದೇ ಥರ ಇರುತ್ತವೆ.

ಬ್ಯಾಲೆ ಎಂದರೆ ಬೆರಳ ತುದಿಯ ಮೇಲೆ ನಿಂತು ಗಿರ್ರೆಂದು ತಿರುಗುವ ಪಾಶ್ಚಾತ್ಯರ ಕುಣಿತವಲ್ಲ. ಕಥೆಯೊಂದನ್ನು ಮಾತಿಲ್ಲದೆ, ಗುಂಪಿನ ನೃತ್ಯದಲ್ಲಿ ಹೇಳುವುದಕ್ಕೆ ನಮ್ಮ ಕಡೆ ಆಗ ಬ್ಯಾಲೆ ಎಂದೇ ಹೆಸರಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮಲ್ಲೇಶ್ವರದ ಒಂದು ಬ್ಯಾಲೆ ತಂಡದಲ್ಲಿ ಕುಣಿಯುತ್ತಿದ್ದೆ. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಮಾಸ್ಟರು ಎನ್ನುತ್ತಿದ್ದೆವು. ಬಿಳಿ ಪಂಚೆ, ಬಿಳಿ ಜುಬ್ಬ, ಬಾಯಲ್ಲಿ ಸದಾ ಎಲೆಯಡಿಕೆ. ದೊಡ್ಡ ಕಲಾವಿದರು, ಅನುಮಾನವಿಲ್ಲ. ಆದರೆ ಕಲಿಸುವಾಗ ಅವರಿಗೆ ಗೊತ್ತಿದ್ದದ್ದು ಎರಡೇ ಮಾತು: "ಸರಿಯಿಲ್ಲ," ಮತ್ತು "ಇನ್ನೊಂದ್ಸಲ." ಏನು ಸರಿಯಿಲ್ಲ, ಕೈಯೋ ಕಾಲೋ ಜಾಗವೋ, ಹೇಳುತ್ತಿರಲಿಲ್ಲ. ನಾವು ಹದಿನಾರು ಜನ ಹದಿನಾರು ಥರ ತಿದ್ದಿಕೊಳ್ಳುತ್ತಿದ್ದೆವು. ಅವರು ಮತ್ತೆ, "ಸರಿಯಿಲ್ಲ."

ಬಹಳ ವರ್ಷ ನಾನು ಅಲೆಯಾಗಿದ್ದೆ. ಸಮುದ್ರದ ದೃಶ್ಯ ಬಂತೆಂದರೆ ನೀಲಿ ಬಟ್ಟೆಯ ಒಂದು ಅಂಚು ನನ್ನ ಕೈಯಲ್ಲಿ. ಒಮ್ಮೆ ಮುಂದಿನ ಸಾಲಿನಲ್ಲಿ ನಮ್ಮ ಚಿಕ್ಕಮ್ಮ ಕುಳಿತದ್ದನ್ನು ಕಂಡು ನಕ್ಕುಬಿಟ್ಟೆ. ಪರದೆ ಬಿದ್ದ ಮೇಲೆ ಮಾಸ್ಟರು ಬಂದು, "ಅಲೆಗೆ ಮುಖ ಇರೋದಿಲ್ಲ, ಪ್ರಮೀಳಾ," ಎಂದರು. ಅವರು ನನಗೆ ಕೊಟ್ಟ ಅತ್ಯಂತ ಉದ್ದನೆಯ ಪಾಠ ಅದೇ. ಆವತ್ತೇ ಮನಸ್ಸಿನಲ್ಲಿ ನಿಶ್ಚಯಿಸಿದೆ. ನನ್ನ ಕೈಕೆಳಗೆ ನಾಲ್ಕು ಜನ ಕುಣಿಯುವ ಕಾಲ ಬಂದರೆ, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಮಗುವಿಗೂ ತಿಳಿಯುವ ಹಾಗೆ ಹೇಳುತ್ತೇನೆ ಎಂದು. ಮುಂದೆ ಅದೇ ನನ್ನ ಕುತ್ತಿಗೆಗೆ ಬಂತು.

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಮದುವೆಯಾದ ಹೊಸದರಲ್ಲಿ. ಅಲ್ಲಿ ಅಳತೆಯ ಮೀಟರುಗಳನ್ನು ಮಾಡುತ್ತಿದ್ದರು. ನಾನು ಕಾಯಿಲ್ ಸುತ್ತುವ ವಿಭಾಗದಲ್ಲಿ. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ, ಮೇಲೊಂದು ಭೂತಗನ್ನಡಿ. ಕುಣಿಯುತ್ತಿದ್ದವಳು ಎಂದು ತಿಳಿದ ಕೂಡಲೇ ಕಾರ್ಖಾನೆಯ ಲಲಿತಕಲಾ ಸಂಘದವರು ರಾಜ್ಯೋತ್ಸವಕ್ಕೆ ಏನಾದರೂ ಮಾಡಿಸಿ ಎಂದು ಗಂಟುಬಿದ್ದರು. ಮಾಡಿಸಿದೆ. ಮರುವರ್ಷವೂ ಮಾಡಿಸಿದೆ. ಹೀಗೆ ನೃತ್ಯಗಾತಿ ನಿರ್ದೇಶಕಿಯಾದಳು. ಆಯ್ಕೆ ಸಮಿತಿ, ಸಂದರ್ಶನ ಯಾವುದೂ ಇರಲಿಲ್ಲ. ಬೇರೆ ಯಾರೂ ಒಪ್ಪಲಿಲ್ಲ ಅಷ್ಟೆ.

ಅಭ್ಯಾಸಕ್ಕೂ ಪ್ರದರ್ಶನಕ್ಕೂ ಜಾಗವೆಂದರೆ ಕ್ಯಾಂಟೀನ್ ಹಾಲು. ಮೇಜು ಬೆಂಚುಗಳನ್ನು ಗೋಡೆಗೆ ಒತ್ತರಿಸಿ ನಡುವೆ ಕುಣಿಯಬೇಕು. ಹೊಸಬರಿಗೆ ನಾನು ಹೇಳುವ ಮೊದಲ ಮಾತೇ ಇದು: ಕಥೆ ಆಮೇಲೆ ನೋಡಿ, ನೆಲ ಮೊದಲು ನೋಡಿ. ನಮ್ಮ ನೆಲ ಸಿಮೆಂಟಿನದು, ಅದರ ಮೇಲೆ ಎಷ್ಟು ಉಜ್ಜಿದರೂ ಹೋಗದ ಎಣ್ಣೆಯ ಪಸೆ. ಮಂಡಿ ಹಾಳಾದದ್ದು ಅಲ್ಲೇ. ನೆಲಕ್ಕಿಂತ ದೊಡ್ಡ ತಲೆನೋವು ನಾಲ್ಕು ಕಂಬಗಳು. ಹಾಲಿನ ನಟ್ಟನಡುವೆ ಚೌಕಾಕಾರವಾಗಿ, ತಬ್ಬಿದರೆ ಕೈ ಸೇರದಷ್ಟು ದಪ್ಪನಾಗಿ ನಿಂತಿದ್ದವು. ಅವುಗಳ ಮಧ್ಯೆ ಸಾಲು ಕಟ್ಟುವುದು, ಸುತ್ತು ಹಾಕಿಸುವುದು ಎಂದರೆ ತುಂಬಿದ ಅಟ್ಟದಲ್ಲಿ ಹಾಸಿಗೆ ಬಿಡಿಸಿದ ಹಾಗೆ.

ಆಗ ನನಗೊಂದು ಉಪಾಯ ಹೊಳೆಯಿತು. ಕಂಬಗಳಿಗೆ ಹೆಸರಿಟ್ಟೆ. ಬಡಿಸುವ ಕಟ್ಟೆಯ ಪಕ್ಕದ್ದು ಸಾಂಬಾರ್ ಕಂಬ. ಸೂಚನಾ ಫಲಕ ತೂಗುಹಾಕಿದ್ದು ನೋಟೀಸ್ ಕಂಬ. ನಲ್ಲಿಯ ಕಡೆಯದು ಕೈತೊಳೆ ಕಂಬ. ನಾಲ್ಕನೆಯದಕ್ಕೆ ಗುರುತಿಸುವಂಥದ್ದು ಏನೂ ಇರಲಿಲ್ಲವಾದ್ದರಿಂದ ಅದು ಬೋಳುಕಂಬ. "ಸಾಂಬಾರ್‌ನಿಂದ ಹೊರಟು ನೋಟೀಸ್ ಬಳಸ್ಕೊಂಡು ಕೈತೊಳೆಗೆ ಬಂದು ಕೂತ್ಕೊಳ್ಳಿ" ಎಂದರೆ ಸಾಕು, ಲೇತ್ ನಡೆಸುವವನೂ ಟೈಪಿಸ್ಟೂ ಒಂದೇ ಏಟಿಗೆ ಕಲಿಯುತ್ತಿದ್ದರು. ಮಾಸ್ಟರ ಹತ್ತಿರ ಒಂದು ತಿಂಗಳು ಹಿಡಿಯುತ್ತಿದ್ದದ್ದು ನನ್ನಲ್ಲಿ ಒಂದು ವಾರಕ್ಕೆ ಬರುತ್ತಿತ್ತು. ನನಗೆ ಒಳಗೊಳಗೇ ಜಂಬವೂ ಇತ್ತು.

ಅಡುಗೆಮನೆಯ ಮೇಸ್ತ್ರಿ ಮುನಿಯಪ್ಪ, ಪಕ್ಕದ ಅಬ್ಬಿಗೆರೆಯವರು. ಒಳ್ಳೆ ಮೈಕಟ್ಟಿನ ಮನುಷ್ಯ. ನಾವು ಕುಣಿಯಲು ಶುರು ಮಾಡಿದರೆ ಸಾಕು, ಕಟ್ಟೆಯ ಆಚೆಯಿಂದ ಅವರ ಗೊಣಗಾಟವೂ ಶುರು.

"ಏನಮ್ಮೋ, ಇಂಗೆ ನೆಲ ಒದ್ರೆ ನನ್ನ ಇಡ್ಲಿ ಮೇಲಕ್ಕೇಳ್ತದಾ?"

"ನಿಮ್ಮ ಇಡ್ಲಿ ನಾವು ಒದೀದೇ ಇದ್ರೂ ಮೇಲೇಳಲ್ಲ, ಮುನಿಯಪ್ಪನೋರೆ," ಎನ್ನುತ್ತಿದ್ದಳು ಜಯಂತಿ.

ಜಯಂತಿ ತಪಾಸಣೆ ವಿಭಾಗದವಳು, ನಮ್ಮ ತಂಡದ ಮುಖ್ಯ ನರ್ತಕಿ. ಇನ್ನೊಬ್ಬ ಮುಖ್ಯನೆಂದರೆ ರಾಜಣ್ಣ, ಮಷೀನ್ ಶಾಪಿನ ಲೇತ್ ಆಪರೇಟರ್. ಎತ್ತರದ ಆಳು, ಮಾತು ಕಮ್ಮಿ. ಇವರಿಬ್ಬರ ಜೋಡಿ ಚೆನ್ನಾಗಿತ್ತು. ತೊಂದರೆ ಒಂದೇ. ಅವನು ಬೆಳಗಿನ ಶಿಫ್ಟಿನಲ್ಲಿದ್ದ ವಾರ ಅವಳು ಮಧ್ಯಾಹ್ನದ ಶಿಫ್ಟಿನಲ್ಲಿರುತ್ತಿದ್ದಳು. ಶಿಫ್ಟ್ ಬದಲಾದಾಗ ಇಬ್ಬರೂ ಬದಲಾಗುತ್ತಿದ್ದರು. ಹೀಗಾಗಿ ನಾಯಕ ನಾಯಕಿಯರಿಬ್ಬರೂ ಪ್ರದರ್ಶನದ ದಿನವೇ ಮುಖಾಮುಖಿಯಾದದ್ದೂ ಉಂಟು. ರಾಜಣ್ಣ ಜಯಂತಿ ಇಲ್ಲದ ವಾರ ಬೋಳುಕಂಬದ ಎದುರು ನಿಂತು ಪ್ರೇಮ ತೋಡಿಕೊಳ್ಳುತ್ತಿದ್ದ. ಅವಳು ಅವನಿಲ್ಲದ ವಾರ ಅದೇ ಕಂಬದ ಮೇಲೆ ಮುನಿಸಿಕೊಳ್ಳುತ್ತಿದ್ದಳು. "ಈ ಕಂಬಾನೇ ಮೇಲು ಮೇಡಂ, ತಾಳ ತಪ್ಪಲ್ಲ," ಎಂದು ಒಮ್ಮೆ ಅವಳು ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಗೀತದ್ದು ಬೇರೆಯೇ ಗೋಳು. ಮಾಸ್ಟರ ಕಾಲದಲ್ಲಿ ಹಾರ್ಮೋನಿಯಂ, ಮೃದಂಗ, ಕೊಳಲಿನವರು ಪಕ್ಕದಲ್ಲೇ ಕೂತಿರುತ್ತಿದ್ದರು. ಯಾರಾದರೂ ತಡವಾದರೆ ಇನ್ನೊಂದು ಆವರ್ತ ಎಳೆದು ಕಾಪಾಡುತ್ತಿದ್ದರು. ನಮಗೆ ಬಂದದ್ದು ಟೇಪ್ ರೆಕಾರ್ಡರು. ಅದು ಯಾರಿಗೂ ಕಾಯುವುದಿಲ್ಲ. ಕ್ಲಬ್ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಒಂದು ಭಾನುವಾರ ಪೂರ್ತಿ ಧ್ವನಿಮುದ್ರಣ ಮಾಡಿದೆವು. ಭಾನುವಾರವೂ ಶಿಫ್ಟ್ ಮುಗಿಯುವ ಸೈರನ್ ಕೂಗುತ್ತದೆಂದು ಯಾರಿಗೂ ನೆನಪಾಗಲಿಲ್ಲ. ಮುದ್ರಣ ಮುಗಿಸಿ ಕೇಳಿದಾಗಲೂ ನಮ್ಮ ಕಿವಿಗೆ ಅದು ಬೀಳಲೇ ಇಲ್ಲ. ನಿತ್ಯ ಕೇಳುವ ಸದ್ದು, ಕಾಗೆಯ ಕೂಗಿನ ಹಾಗೆ. ಪ್ರದರ್ಶನದ ಸಂಜೆ, ನಾಯಕಿ ಕಣ್ಣುಮುಚ್ಚಿ ವಿರಹದಲ್ಲಿದ್ದಾಗ, ಕೊಳಲಿನ ಹಿಂದಿನಿಂದ ಸೈರನ್ ಎದ್ದಿತು. ಸಭೆಯಲ್ಲಿ ಅರ್ಧ ಜನ ಎದ್ದು ನಿಂತು ಕಾಲ ಬಳಿ ಟಿಫನ್ ಡಬ್ಬಿ ತಡಕಾಡಿದರು. ಕಂಬಗಳ ನಡುವೆ ಕುಣಿಯುತ್ತಿದ್ದ ಇಬ್ಬರು ಸಖಿಯರು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೊರಟೇಹೋದರು. ಅವರನ್ನು ಅಡುಗೆಮನೆಯ ಬಾಗಿಲಲ್ಲಿ ಹಿಡಿದು ನಿಲ್ಲಿಸಿ ವಾಪಸು ದಬ್ಬಿದೆ. ಅವರಿಗೆ ಆ ಕ್ಷಣದವರೆಗೂ ತಾವೇಕೆ ಹೊರಟೆವೆಂಬುದೇ ಗೊತ್ತಿರಲಿಲ್ಲ.

ಇಷ್ಟಾದರೂ ತಂಡ ನಡೆಯುತ್ತಿತ್ತು, ಒಂದು ಪರ್ಮಿಷನ್ನಿನಿಂದಾಗಿ. ಶಿಫ್ಟ್ ಮುಗಿಯುವುದಕ್ಕೆ ಒಂದು ಗಂಟೆ ಮೊದಲು ಯಂತ್ರ ಬಿಟ್ಟು ಅಭ್ಯಾಸಕ್ಕೆ ಬರಬಹುದು ಎಂಬ ಅನುಮತಿ ಅದು. ಶಿಫ್ಟ್ ಮುಗಿದ ಮೇಲೆ ಯಾರೂ ನಿಲ್ಲುವ ಹಾಗಿರಲಿಲ್ಲ. ಕಂಪನಿ ಬಸ್ಸು ಹೊರಟರೆ ಮತ್ತೆ ಬಸ್ಸಿಲ್ಲ. ಮನೆಯಲ್ಲಿ ಅಕ್ಕಿ ನೆನೆದಿರುತ್ತದೆ, ಮಕ್ಕಳು ಪಕ್ಕದ ಮನೆಯಲ್ಲಿರುತ್ತಾರೆ. ಆ ಗಂಟೆ ಇದ್ದರೆ ತಂಡ, ಇಲ್ಲದಿದ್ದರೆ ಇಲ್ಲ. ಜಯಂತಿಯ ಅತ್ತೆ ಸೊಸೆ ಕುಣಿಯುವುದನ್ನು ಒಪ್ಪಿದ್ದೂ ಕೂಡ, ಅದು ಡ್ಯೂಟಿ ಸಮಯ ಎಂದು ನಂಬಿಸಿದ್ದರಿಂದ.

"ದಿವಸದಲ್ಲಿ ಆ ಒಂದು ಗಂಟೆ ನನ್ದು ಮೇಡಂ," ಎಂದು ಒಂದು ದಿನ ಗೆಜ್ಜೆ ಬಿಚ್ಚುತ್ತಾ ಅವಳು ಹೇಳಿದ್ದಳು. "ಮಿಕ್ಕಿದ್ದೆಲ್ಲ ಕಂಪನಿದು, ಅತ್ತೆದು."

ಎಂಬತ್ತರ ದಶಕದ ನಡುವೆ ಕಾರ್ಖಾನೆಯ ಬೆಳ್ಳಿಹಬ್ಬ ಬಂತು. ಅದರ ಜತೆಗೇ ಹೊಸ ವೆಲ್‌ಫೇರ್ ಆಫೀಸರ್ ಸುಂದರೇಶ್ ಬಂದರು. ಕೆಟ್ಟವರೆಂದು ಹೇಳಲಾರೆ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂಬ ಹಟದವರು. ಅಂಥವರ ಜತೆ ಕೆಲಸ ಮಾಡುವುದು ಕೆಟ್ಟವರ ಜತೆಗಿಂತ ಕಷ್ಟ.

ನಾನು ಹೊಳೆಯೊಂದರ ಕಥೆಯನ್ನು ಬ್ಯಾಲೆ ಮಾಡಿದ್ದೆ. ಬೆಟ್ಟದಲ್ಲಿ ಹುಟ್ಟಿದ ಹೊಳೆ ಬಯಲಿಗೆ ಇಳಿದು ಬರುತ್ತದೆ. ನೀರು ಹುಡುಕಿ ಹೊರಟ ದಾರಿಹೋಕನೊಬ್ಬ ಸೋತು ಒಂದು ಮರಕ್ಕೆ ಕೈಯಾನಿಸಿ ನಿಲ್ಲುತ್ತಾನೆ. ಹೊಳೆ ಅವನನ್ನು ಹುಡುಕಿಕೊಂಡು ಬರುತ್ತದೆ. ಜಯಂತಿ ಹೊಳೆ, ಅವಳ ಹಿಂದೆ ಇಪ್ಪತ್ತು ಜನ ನೀರು. ರಾಜಣ್ಣ ದಾರಿಹೋಕ. ಸುಂದರೇಶರಿಗೆ ಕಥೆ ಹೇಳಿದೆ. ಅವರು ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತಾ ಕೇಳಿದರು.

"ಎಲ್ಲ ಸರಿ ಮೇಡಂ, ಇದ್ರಲ್ಲಿ ಮೀಟರ್ ಎಲ್ಲಿ ಬರುತ್ತೆ?"

"ಹೊಳೆಯಲ್ಲಿ ಮೀಟರ್ ಎಲ್ಲಿಂದ ಬರುತ್ತೆ ಸಾರ್?"

"ನೀರಿನ ಮೀಟರ್ ನಾವೇ ಮಾಡ್ತೀವಲ್ಲ. ಕೊನೇಲಿ ಹೊಳೆ ಬಂದು ಮೀಟರ್ ಒಳಗಡೆ ಹೋಗ್ಲಿ."

ಹೊಳೆಯನ್ನು ಮೀಟರಿನೊಳಗೆ ಕಳಿಸದೆ ಉಳಿಸಿಕೊಳ್ಳಲು ನನಗೆ ಮೂರು ಭೇಟಿ ಬೇಕಾದವು. ಕೊನೆಗೆ, ರಾಜಣ್ಣ ಜಯಂತಿಯರಿಗೆ ಹಬ್ಬದವರೆಗೆ ಒಂದೇ ಶಿಫ್ಟ್ ಹಾಕಿಸಿ, ಒಂದು ಷರತ್ತಿನ ಮೇಲೆ ಒಪ್ಪಿದರು. ದೆಹಲಿಯಿಂದ ಮಂತ್ರಿಗಳು ಬರುತ್ತಾರೆ, ಕಾರ್ಯಕ್ರಮ ನಗರದ ದೊಡ್ಡ ಸಭಾಂಗಣದಲ್ಲಿ. ಮೊದಲು ಅಲ್ಲೇ ಒಂದು ಟ್ರಯಲ್ ನೋಡುತ್ತಾರೆ. ಚೆನ್ನಾಗಿದ್ದರೆ ನಾವು. ಇಲ್ಲದಿದ್ದರೆ ಹೊರಗಿನ ತಂಡ. "ಹೊರಗಿನೋರೇ ಮಾಡೋದಾದ್ರೆ ನಿಮಗೆ ಆ ಒಂದು ಗಂಟೆ ಪರ್ಮಿಷನ್ ಯಾಕೆ ಅಂತ ಜಿ.ಎಂ. ಕೇಳ್ತಾರೆ. ನನ್ ಹತ್ರ ಉತ್ತರ ಇರಲ್ಲ ಮೇಡಂ," ಎಂದರು. ಹೆದರಿಸಲು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೇ ಹೆದರಿಕೆಯಾಯಿತು.

ಟ್ರಯಲ್ ದಿನ ಮಧ್ಯಾಹ್ನ ಕಂಪನಿ ಬಸ್ಸಿನಲ್ಲಿ ಹೋದೆವು. ದೊಡ್ಡ ವೇದಿಕೆ, ನುಣುಪಾದ ಹಲಗೆಯ ನೆಲ. ನಮ್ಮವರೆಲ್ಲ ಚಪ್ಪಲಿ ಕಳಚಿ ಪಾದದಿಂದ ಅದನ್ನು ಸವರಿ ಸವರಿ ನೋಡಿದರು. ಕೆಳಗೆ ಸುಂದರೇಶರೂ ಇನ್ನಿಬ್ಬರು ಅಧಿಕಾರಿಗಳೂ ಕುಳಿತರು. ಟೇಪ್ ಹಾಕಿದೆ.

ಹೊಳೆ ಬಂತು. ಬಂದು, ಬಟ್ಟಬಯಲಾಗಿದ್ದ ವೇದಿಕೆಯ ಮೇಲೆ, ಇದ್ದಕ್ಕಿದ್ದಂತೆ ಎರಡಾಗಿ ಸೀಳಿತು. ಏನೂ ಇಲ್ಲದ ಒಂದು ಜಾಗವನ್ನು ಜೋಪಾನವಾಗಿ ಬಳಸಿಕೊಂಡು ಮತ್ತೆ ಒಂದಾಯಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ಸೀಳಿತು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ನನಗೆ ಒಂದು ಕ್ಷಣ ಇವರಿಗೇನಾಯಿತೆಂದು ತಿಳಿಯಲಿಲ್ಲ. ಆಮೇಲೆ ಕಂಡಿತು. ನೋಟೀಸ್ ಕಂಬ. ಕೈತೊಳೆ ಕಂಬ. ಎಲ್ಲವನ್ನೂ ನಮ್ಮವರು ಜಾಲಹಳ್ಳಿಯಿಂದ ಜತೆಗೇ ತಂದಿದ್ದರು. ಇಪ್ಪತ್ತು ಜನ, ಒಬ್ಬರೂ ತಪ್ಪದೆ, ಇಲ್ಲದ ಕಂಬಕ್ಕೆ ಭುಜ ತಾಗದಂತೆ ಓರೆಯಾಗಿ ಸರಿಯುತ್ತಿದ್ದರು.

ಕೆಳಗಿದ್ದವರು ಇದನ್ನು ಸಹಿಸುತ್ತಿದ್ದರೋ ಏನೋ. ಅಷ್ಟರಲ್ಲಿ ರಾಜಣ್ಣ ಬಂದ. ಸೋತ ದಾರಿಹೋಕ, ತಲೆ ಬಾಗಿಸಿ, ಕಾಲೆಳೆಯುತ್ತಾ ಬಂದು, ಮೈಯ ಭಾರವನ್ನೆಲ್ಲ ಬಿಟ್ಟು ಸಾಂಬಾರ್ ಕಂಬಕ್ಕೆ ಕೈಯಾನಿಸಿದ.

ಬಿದ್ದ ಸದ್ದು ಸಭಾಂಗಣದಲ್ಲೆಲ್ಲ ಕೇಳಿತು. ಬಿದ್ದವನು ಮಲಗಿದಲ್ಲಿಂದಲೇ ಕತ್ತೆತ್ತಿ ಕಂಬವಿರಬೇಕಾದ ಜಾಗವನ್ನೇ ನೋಡಿದ, ಕೂರುವ ಹೊತ್ತಿಗೆ ಯಾರೋ ಕುರ್ಚಿ ಎಳೆದುಬಿಟ್ಟರೇನೋ ಎಂಬ ಹಾಗೆ.

ಸುಂದರೇಶರು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. "ನಿಮ್ಮೋರು ಶ್ರಮ ಪಟ್ಟಿದ್ದಾರೆ ಮೇಡಂ. ಅವತ್ತು ಹೂಗುಚ್ಛ ಕೊಡೋಕೆ ನಿಮ್ಮೋರೇ ಇರ್ಲಿ," ಎಂದು ಹೇಳಿ ಕಾರು ಹತ್ತಿದರು. ನಾವು ವಾಪಸು ಬಸ್ಸು ಹತ್ತಿದೆವು. ಯಶವಂತಪುರ ದಾಟಿದ ಮೇಲೆ ರಾಜಣ್ಣ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನೀವು ಹೇಳಿದ್ ಜಾಗದಲ್ಲೇ ಕೈ ಇಟ್ಟೆ ಮೇಡಂ," ಎಂದ. ಅದು ನಿಜ. ಒಂದು ಗೇಣೂ ಆಚೀಚೆ ಆಗಿರಲಿಲ್ಲ.

ಹೊರಗಿನ ತಂಡ ಯಾವುದೆಂದು ಎರಡು ದಿನಕ್ಕೆ ತಿಳಿಯಿತು. ನಮ್ಮ ಮಾಸ್ಟರದೇ.

ನನಗೆ ಬಂದ ಸಿಟ್ಟು ಯಾರ ಮೇಲೆಂದು ಇವತ್ತಿಗೂ ಹೇಳಲಾರೆ. ಪರ್ಮಿಷನ್ನನ್ನು ಇನ್ನೂ ಯಾರೂ ರದ್ದು ಮಾಡಿರಲಿಲ್ಲ. ಸರಿ, ಇರುವಷ್ಟು ದಿನ ಈ ಕಂಬದ ರೋಗವನ್ನಾದರೂ ಬಿಡಿಸುತ್ತೇನೆ ಎಂದು ಎಲ್ಲರನ್ನೂ ವಾಲಿಬಾಲ್ ಮೈದಾನಕ್ಕೆ ಎಳೆದುಕೊಂಡು ಹೋದೆ. ಬಿಸಿಲು, ಧೂಳು. ಕಂಬಗಳಿಲ್ಲದ ಬಯಲಿನಲ್ಲಿ ಅವರು ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಹಾಗಾದರು. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾರಿಗೂ ತಿಳಿಯದು. "ಸರಿಯಿಲ್ಲ, ಇನ್ನೊಂದ್ಸಲ," ಎಂದು ಕೂಗಿದೆ. ಕೂಗಿದ ಮೇಲೆ ಆ ದನಿ ಯಾರದೆಂದು ಹೊಳೆದು ಬಾಯಿ ಮುಚ್ಚಿಕೊಂಡೆ.

"ಯಾರನ್ನಾದ್ರೂ ಕಂಬ ಮಾಡಿ ನಿಲ್ಸಿ ಮೇಡಂ, ನಿಮ್ಮ ಕೈ ಮುಗೀತೀನಿ," ಎಂದಳು ಜಯಂತಿ.

ಅಷ್ಟರಲ್ಲಿ ಮುನಿಯಪ್ಪ ಟೀ ಲೋಟಗಳನ್ನು ವಾಪಸು ಕೇಳಲು ಬಂದರು. ನಾವು ಕ್ಯಾಂಟೀನು ಬಿಟ್ಟದ್ದರಿಂದ ಅವರಿಗೆ ನೆಮ್ಮದಿಯಾಗಿರಬೇಕೆಂದು ನಾನಂದುಕೊಂಡಿದ್ದೆ. ಆದರೆ ಲೋಟದ ನೆಪದಲ್ಲಿ ದಿನವೂ ಬಂದು ನೋಡಿ ಹೋಗುತ್ತಿದ್ದರು.

"ಮುನಿಯಪ್ಪನೋರೆ, ಸ್ವಲ್ಪ ಇಲ್ಲಿ ನಿಂತ್ಕೊಳ್ಳಿ," ಎಂದೆ.

"ಯಾತಕ್ಕೆ?"

"ನೀವು ಸಾಂಬಾರ್ ಕಂಬ."

"ನಾನಾ?" ಎಂದು ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡರು. "ಏನ್ಮಾಡ್ಬೇಕು?"

"ಏನೂ ಮಾಡ್ಬಾರ್ದು. ಅಳ್ಳಾಡ್ಬಾರ್ದು. ಯಾರು ಬಂದು ಒರಗಿದ್ರೂ ಅಳ್ಳಾಡ್ಬಾರ್ದು."

ನಿಂತರು. ನನ್ನ ವೃತ್ತಿಯಲ್ಲಿ ಹೇಳಿದ್ದನ್ನು ಮೊದಲ ಸಲಕ್ಕೇ ಮಾಡಿದ ಕಲಾವಿದ ಅವರೊಬ್ಬರೇ. ಹೊಳೆ ಅವರನ್ನು ಬಳಸಿಕೊಂಡು ಹೋಯಿತು. ರಾಜಣ್ಣ ಬಂದು, ಮೊದಲು ಅಂಜುತ್ತಾ, ಆಮೇಲೆ ಗಟ್ಟಿಯಾಗಿ, ಅವರ ಭುಜಕ್ಕೆ ಕೈಯಾನಿಸಿದ. ಅಲ್ಲಿಂದ ಮುಂದೆ ದಿನವೂ ಅವರು ಬಂದು ನಿಲ್ಲುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ಓಡಿಸಿಕೊಳ್ಳುತ್ತಿರಲಿಲ್ಲ. ಮಿಕ್ಕ ಮೂರು ಕಂಬಗಳಿಗೆ ಮೂರು ಪೀಪಾಯಿ ಇಟ್ಟೆವು. ಯಾವ ಪ್ರದರ್ಶನಕ್ಕಾಗಿ ಈ ಅಭ್ಯಾಸ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಬ್ಬಕ್ಕೆ ಒಂದು ವಾರವಿದ್ದಾಗ ಮಂತ್ರಿಗಳು ದಿನ ಬದಲಾಯಿಸಿದರು. ಹೊಸ ದಿನಕ್ಕೆ ಸಭಾಂಗಣ ಖಾಲಿ ಇರಲಿಲ್ಲ. ಅವರಿಗೆ ಸಮಯವೂ ಕಮ್ಮಿ. ಕಾರ್ಖಾನೆಗೇ ಬಂದು, ಕಾರ್ಮಿಕರ ಜತೆ ಕ್ಯಾಂಟೀನಿನಲ್ಲೇ ಊಟ ಮಾಡಿ, ಅಲ್ಲೇ ಸಾಂಸ್ಕೃತಿಕ ಕಾರ್ಯಕ್ರಮ ನೋಡಿ ಹೊರಡುತ್ತಾರೆಂದು ಸುದ್ದಿ ಬಂತು. ಸುಂದರೇಶರು ಮಾಸ್ಟರನ್ನು ಕಾರಿನಲ್ಲಿ ಕರೆತಂದು ಹಾಲು ತೋರಿಸಿದರು. ನನ್ನನ್ನೂ ಕರೆಸಿದ್ದರು. ಮಾಸ್ಟರಿಗೆ ವಯಸ್ಸಾಗಿತ್ತು, ಜುಬ್ಬ ಅಷ್ಟೇ ಬಿಳುಪಾಗಿತ್ತು.

"ಏನಮ್ಮಾ ಅಲೆ, ಚೆನ್ನಾಗಿದ್ದೀಯಾ?" ಎಂದರು.

"ಚೆನ್ನಾಗಿದ್ದೀನಿ ಸಾರ್."

ಅವರು ಪಾದದಿಂದ ನೆಲ ಮುಟ್ಟಿ ನೋಡಿದರು. ಮುಖ ಹುಳ್ಳಗಾಯಿತು. ಕಂಬಗಳ ನಡುವೆ ಒಂದು ಸುತ್ತು ನಡೆದರು. ಸಾಂಬಾರ್ ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು, ತೆಗೆಯಲು ಬರುತ್ತದೆಯೇನೋ ಎಂಬ ಹಾಗೆ.

"ಸುಂದರೇಶ್ ಅವರೆ, ಇದರ ಮಧ್ಯೆ ಯಾರು ಕುಣೀತಾರೆ ಸ್ವಾಮಿ? ನನ್ನ ಹುಡುಗರು ತಲೆ ಒಡ್ಕೋತಾರೆ. ಆಗೋದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ, "ನೀನು ಇಲ್ಲಿ ಹೇಗಮ್ಮಾ ಮಾಡಿಸ್ತಿದ್ದೆ ಇಷ್ಟು ವರ್ಷ?" ಎಂದರು.

"ಕಂಬ ಇದೆ ಅಂತ ತಿಳ್ಕೊಂಡು ಮಾಡಿಸ್ತಿದ್ದೆ ಸಾರ್."

ಅವರು ಆ ಕಂಬವನ್ನು ಇನ್ನೊಮ್ಮೆ ಕುಟ್ಟಿ ಹೊರಟುಹೋದರು. ಸುಂದರೇಶರು ಅವರನ್ನು ಕಾರಿನವರೆಗೆ ಬಿಟ್ಟು ವಾಪಸು ಬಂದು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಮೇಡಂ, ನಿಮ್ಮ ಹೊಳೆ ಎಷ್ಟು ನಿಮಿಷ?" ಎಂದರು. ಕಲೆ ಗೆದ್ದಿತು ಎಂದು ಬರೆಯಲು ನನಗೂ ಆಸೆ. ಗೆದ್ದದ್ದು ಮಂತ್ರಿಗಳ ವಿಮಾನದ ವೇಳಾಪಟ್ಟಿ. ಈ ವೃತ್ತಿಗೆ ಬರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಆ ದಿನ ಮಂತ್ರಿಗಳ ಊಟ ಮುಗಿಯುತ್ತಾ ಬಂದಿತ್ತು. ಅವರ ಜತೆ ಬಂದವರಿಗೆ ಇನ್ನೂ ಬಡಿಸುತ್ತಿದ್ದರು. ಸುಂದರೇಶರು ಆತುರಪಟ್ಟು ಟೇಪ್ ಹಾಕಿಸಿಯೇಬಿಟ್ಟರು. ಹೊಳೆ ಅಡುಗೆಮನೆಯ ಬಾಗಿಲಿನಿಂದ ಬಂತು. ನೋಟೀಸ್ ಕಂಬದಲ್ಲಿ ಸೀಳಿ, ಕೂಡಿ, ಕೈತೊಳೆ ಕಂಬವನ್ನು ಬಳಸಿ, ಊಟಕ್ಕೆ ಕೂತವರ ಬೆನ್ನ ಹಿಂದಿನಿಂದ ಸುಳಿದು ಬಂತು. ಅದೇ ನೆಲ, ಅದೇ ಕಂಬ, ಅದೇ ಜನ. ಜಯಂತಿ ತಿರುಗಿದ ಕಡೆಗೆ ಇಪ್ಪತ್ತು ಜನ ಒಂದೇ ನೀರಾಗಿ ತಿರುಗಿದರು. ಬೆಂಚುಗಳ ಮೇಲೆ ಹತ್ತಿ ನಿಂತಿದ್ದ ಮಷೀನ್ ಶಾಪಿನವರು ಕತ್ತು ಚಾಚಿ ನೋಡಿದರು. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

ರಾಜಣ್ಣ ಬಂದ. ಕಾಲೆಳೆಯುತ್ತಾ ಸಾಂಬಾರ್ ಕಂಬದ ಕಡೆಗೆ ಬಂದ. ಕಂಬದ ಪಕ್ಕದಲ್ಲಿ, ಎಂದಿನ ತಮ್ಮ ಜಾಗದಲ್ಲಿ, ಮುನಿಯಪ್ಪ ಬಿಳಿ ಟೋಪಿ ಹಾಕಿಕೊಂಡು ಒಂದು ಕೈಯಲ್ಲಿ ಸಾಂಬಾರಿನ ಬಕೆಟ್ಟು, ಇನ್ನೊಂದರಲ್ಲಿ ಸೌಟು ಹಿಡಿದು ಬಡಿಸಲು ಹೊರಟಿದ್ದರು. ಅವರು ಬ್ಯಾಲೆಯಲ್ಲಿ ಇರಲಿಲ್ಲ. ನಿಜವಾದ ಕಂಬವೇ ಇದ್ದಾಗ ಅವರು ಬೇಡವೆಂದು ಹಿಂದಿನ ದಿನವಷ್ಟೇ ಹೇಳಿದ್ದೆ. ಆದರೆ ರಾಜಣ್ಣನ ಕೈಗೆ ಅದನ್ನು ಹೇಳಿರಲಿಲ್ಲ. ಸಭಾಂಗಣದಲ್ಲಿ ಬಿದ್ದಂದಿನಿಂದ ಆ ಕೈ ಸಿಮೆಂಟನ್ನು ನಂಬುತ್ತಿರಲಿಲ್ಲ. ಅದು ಕಂಬವನ್ನು ದಾಟಿ ಹೋಗಿ ಮುನಿಯಪ್ಪನವರ ಭುಜದ ಮೇಲೆ ಕುಳಿತಿತು. ಮೈಯ ಭಾರವೆಲ್ಲ ಅದರ ಹಿಂದೆಯೇ ಬಂತು.

ಮುನಿಯಪ್ಪ ಅಳ್ಳಾಡಲಿಲ್ಲ.

ಸೌಟು ಎತ್ತಿದ ಕಡೆಯೇ ನಿಂತಿತು. ಅದರಿಂದ ಸಾಂಬಾರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು ನನಗೆ ಕೇಳಿಸುತ್ತಿತ್ತು. ಮೇಜಿನ ತುದಿಯಲ್ಲಿ ಯಾರೋ ಅಧಿಕಾರಿ ಅನ್ನಕ್ಕೆ ಗುಂಡಿ ಮಾಡಿಕೊಂಡು ಕಾಯುತ್ತಿದ್ದರು. ಮುನಿಯಪ್ಪ ಅವರ ಕಡೆಗೂ ನೋಡಲಿಲ್ಲ. ರಾಜಣ್ಣ ಆ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ. ಹೊಳೆ ದೂರದಿಂದ ಬಂದು ಇಬ್ಬರನ್ನೂ ಸುತ್ತುವರಿಯಿತು. ಯಾರೂ ನಗಲಿಲ್ಲ. ದಿನವೂ ಆ ಕೈಯಿಂದ ಬಡಿಸಿಕೊಂಡು ಉಂಡವರೇ ಸುತ್ತಲೂ ನಿಂತಿದ್ದರು. ಅವರಿಗೆ ಏನು ಕಂಡಿತೋ ನನಗೆ ಗೊತ್ತಿಲ್ಲ. ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ತಲೆಯ ಟೋಪಿ ತೆಗೆದದ್ದನ್ನು ನೋಡಿದೆ.

ಮಂತ್ರಿಗಳು ನೋಟೀಸ್ ಕಂಬದ ಹಿಂದೆ ಕುಳಿತಿದ್ದರಿಂದ ಅವರಿಗೆ ಅರ್ಧವೇ ಕಂಡಿರಬೇಕು. ಆದರೂ ಚೆನ್ನಾಗಿತ್ತೆಂದರು. ಜಿ.ಎಂ. ನನ್ನ ಹತ್ತಿರ ಬಂದು, "ಆ ಬಡಿಸೋ ಪಾತ್ರ ಮಾಡಿದೋರು ಯಾವ ಸೆಕ್ಷನ್ ಮೇಡಂ?" ಎಂದು ಕೇಳಿದರು. ಪಕ್ಕದಲ್ಲೇ ಇದ್ದ ಸುಂದರೇಶರು ನನಗಿಂತ ಮೊದಲೇ, "ಕ್ಯಾಂಟೀನ್ ಸೆಕ್ಷನ್ ಸಾರ್. ದಿನಾ ಒಂದು ಗಂಟೆ ಪ್ರಾಕ್ಟೀಸ್ ಮಾಡಿಸ್ತೀವಿ," ಎಂದರು. "ಹಾಗೇ ಮುಂದುವರಿಸಿ," ಎಂದು ಜಿ.ಎಂ. ಕೈ ತೊಳೆಯಲು ಹೋದರು. ನಮ್ಮ ಗಂಟೆ ಉಳಿದದ್ದು ಹೀಗೆ, ಕೈತೊಳೆ ಕಂಬದ ಹತ್ತಿರ, ಒಂದು ಸುಳ್ಳಿನ ಮೇಲೆ. ಅದನ್ನು ಕೇಳಿಸಿಕೊಂಡ ಜಯಂತಿ ಮುಖಕ್ಕೆ ಸೆರಗು ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ನಾನು ತಿರುಗಿ ನೋಡಿದೆ. ಟೇಪ್ ನಿಂತು ಎಷ್ಟೋ ಹೊತ್ತಾಗಿತ್ತು. ರಾಜಣ್ಣ ಗೆಜ್ಜೆ ಬಿಚ್ಚುತ್ತಿದ್ದ. ಮುನಿಯಪ್ಪ ಇನ್ನೂ ಅಲ್ಲೇ, ಸೌಟು ಎತ್ತಿಕೊಂಡು, ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿ ನಿಂತಿದ್ದರು.

"ಆಯ್ತೇನಮ್ಮೋ?" ಎಂದರು ತುಟಿ ಅಲುಗಿಸದೆ. "ಸಾಂಬಾರು ಆರೋಯ್ತಾ ಐತೆ."

"ಆಯ್ತು ಮುನಿಯಪ್ಪನೋರೆ," ಎಂದೆ. "ಇನ್ನು ಅಳ್ಳಾಡಿ."